ಬೆಳಕೂ ನಿದ್ರೆಯೂ
(ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 20:7–12)



ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಲ್ಪಟ್ಟ ದೀಪಸ್ತಂಭವನ್ನು ನೀವು ಬಲ್ಲಿರಿ. ಅದು ಬೆಳಗುವದು ರಾತ್ರಿಯಲ್ಲಿ ಎಚ್ಚರವಾಗಿರಬೇಕಾದ ನಾವಿಕರಿಗೋಸ್ಕರವೇ. ಈಗಲಾದರೋ ಮಲಗಬೇಕಾದ ನಮ್ಮ ಮನೆಗಳಲ್ಲಿಯೂ ವಿದ್ಯುದ್ದೀಪ, ಟಿ.ವಿ., ಮೊಬೈಲ್ ಇವು ನಡುರಾತ್ರಿಯ ವರೆಗೆ ಬೆಳಗುತ್ತವೆ. ಇದರಿಂದ ನಿದ್ರೆಗೆ ಏನಾಗುತ್ತದೆಂಬದೇ ಈ ತಿಂಗಳಿನ ಪಾಠ.

ಮೊದಲು ಸೃಷ್ಟಿಯನ್ನು ನೋಡೋಣ. ಸಂಜೆಯಾಗುತ್ತಲೇ ನಾಚಿಕೆಮುಳ್ಳಿನ ಎಲೆಗಳು ಮುಚ್ಚಿಕೊಳ್ಳುತ್ತವೆ. 1729ರಲ್ಲಿ ಫ್ರಾನ್ಸ್ ದೇಶದ ದ ಮೆರಾನ್ ಎಂಬ ಪಂಡಿತನು ಇಂಥ ಗಿಡವನ್ನು ಕತ್ತಲೆಯಲ್ಲಿಟ್ಟರೂ ಅದು ಹಗಲಿನಲ್ಲಿ ಬಿಚ್ಚಿ ರಾತ್ರಿಯಲ್ಲಿ ಮುಚ್ಚುವದನ್ನು ಕಂಡನು. ಜೀವಿಗಳ ಒಳಗೇ ಒಂದು ಗಡಿಯಾರವಿದೆಯೆಂಬದು ಬಹು ಕಾಲದ ಮೇಲೆ ಸ್ಥಿರವಾಯಿತು. ಮನುಷ್ಯನ ಮುಖ್ಯ ಗಡಿಯಾರವು ಮಿದುಳಿನ ಬುಡದಲ್ಲಿದೆ. ಅದು ತನ್ನಷ್ಟಕ್ಕೆ ಬಿಟ್ಟರೆ ದಿನವನ್ನು 24 ತಾಸಿಗಿಂತ ಸ್ವಲ್ಪ ಉದ್ದವಾಗಿ ಎಣಿಸುತ್ತದೆ. ಆದಕಾರಣ ಪ್ರತಿ ಮುಂಜಾನೆಯ ಬೆಳಕು ಅದನ್ನು ಸರಿಪಡಿಸಬೇಕು.

ಬೆಳಕಿನ ಸುದ್ದಿಯನ್ನು ಅಲ್ಲಿಗೆ ಮುಟ್ಟಿಸುವದು ಕಣ್ಣು. ನೋಡುವದಕ್ಕಿರುವ ಕಣಗಳಲ್ಲದೆ, ಹಗಲೋ ಇರುಳೋ ಎಂದು ಗಡಿಯಾರಕ್ಕೆ ತಿಳಿಸುವ ಬೇರೆ ಕಣಗಳೂ ಕಣ್ಣಿನಲ್ಲಿವೆಯೆಂದು 2002ರಲ್ಲಿ ತೋರಿಸಲ್ಪಟ್ಟಿತು. ಕತ್ತಲಾದಾಗ ಮಿದುಳಿನೊಳಗಿನ ಒಂದು ಚಿಕ್ಕ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ಸುರಿಸಿ, ರಾತ್ರಿಯಾಯಿತೆಂದು ದೇಹಕ್ಕೆಲ್ಲಾ ಸಾರುತ್ತದೆ. ಆ ಕಣಗಳಿಗೆ ನೀಲಿ ಮಿಶ್ರವಾದ ಬೆಳಕು ಬಹಳವಾಗಿ ತಾಕುವದು. ಹೊಸ ಬಿಳೀ ದೀಪಗಳಲ್ಲಿಯೂ ಮೊಬೈಲಿನಲ್ಲಿಯೂ ಇರುವದು ಅದೇ. ಹೀಗೆ ಸಂಜೆಯ ಬೆಳಕು ಆ ರಸವನ್ನು ತಡೆದು ನಿದ್ರೆಯನ್ನು ಹಿಂದೆ ಹಾಕುತ್ತದೆ.

ಹಾಗಾದರೆ ದೀಪವು ನಿದ್ರೆಯನ್ನು ಗೆಲ್ಲುತ್ತದೆಯೋ? ಇಲ್ಲ. ತ್ರೋವದ ಮೇಲಂತಸ್ತಿನಲ್ಲಿ ಬಹಳ ದೀಪಗಳಿದ್ದವು. ಆದರೂ ನಡುರಾತ್ರಿಯ ವರೆಗೆ ಬೋಧನೆಯನ್ನು ಕೇಳುತ್ತಿದ್ದ ಯೂತಿಖನು ನಿದ್ರೆಹೋಗಿ ಕೆಳಗೆ ಬಿದ್ದನು. ಪೌಲನು ಅವನನ್ನು ಗದರಿಸಲಿಲ್ಲ. ಇಳಿದು ಹೋಗಿ ತಬ್ಬಿಕೊಂಡನು.

ಈ ಪಾಠವನ್ನು ನಾನು ತಡವಾಗಿ ಕಲಿತೆನು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೆಟ್ಟಗೆ ಆರಾಧನೆಗೆ ಬಂದ ತಂಗಿಯೊಬ್ಬಳು ಪ್ರಸಂಗದ ವೇಳೆಯಲ್ಲಿ ತೂಕಡಿಸಿದಳು. ಸಭೆಯ ಮುಂದೆಯೇ ಆಕೆಯನ್ನು ಆಕ್ಷೇಪಿಸಿದೆನು. ಮೂರು ಆದಿತ್ಯವಾರ ಆಕೆ ಬರಲಿಲ್ಲ. ಮನೆಗೆ ಹೋದಾಗ, "ಉಪದೇಶಿಗಳೇ, ಬಾರದೆ ಮಲಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ; ಬಂದದ್ದಕ್ಕೆ ಮಾತು ಕೇಳಬೇಕಾಯಿತು" ಅಂದಳು. ಆಕೆಯ ಕೋಣೆಯ ಕಿಟಿಕಿಯಿಂದ ಬಿಸಿಲು, ಅಂಗಳದಿಂದ ಗದ್ದಲ. ರಾತ್ರಿ ದುಡಿಯುವವರ ಗಡಿಯಾರವು ಸೂರ್ಯನನ್ನೇ ಹಿಂಬಾಲಿಸುವದರಿಂದ ಅವರ ಹಗಲಿನ ನಿದ್ರೆಯು ಕಿರಿದು, ಹಗುರ. ನಾನು ಆಕೆಯ ಕ್ಷಮೆ ಬೇಡಿ, ಮುಂದಿನ ಆದಿತ್ಯವಾರ ಸಭೆಯ ಮುಂದೆಯೂ ತಪ್ಪನ್ನು ಒಪ್ಪಿಕೊಂಡೆನು.

ಆದಕಾರಣ ಹೀಗೆ ನಡೆಯೋಣ.

1. ಮುಂಜಾನೆ ಸ್ವಲ್ಪ ಹೊತ್ತು ಹೊರಗಿನ ಬೆಳಕಿನಲ್ಲಿರಿ. ಮಳೆಗಾಲದ ಮೋಡದ ಹಗಲು ಸಹ ಮನೆಯ ದೀಪಕ್ಕಿಂತ ಎಷ್ಟೋ ಪಾಲು ಪ್ರಬಲವಾಗಿದೆ.

2. ಸಂಜೆಯ ಕುಟುಂಬ ಪ್ರಾರ್ಥನೆಯಾದ ಮೇಲೆ ಬಿಳೀ ದೀಪಗಳನ್ನು ಆರಿಸಿ, ಮಂದವಾದ ಹಳದಿ ದೀಪವನ್ನು ಇಟ್ಟುಕೊಳ್ಳಿರಿ. ಮೊಬೈಲನ್ನು ಮಕ್ಕಳ ಹಾಸಿಗೆಯಿಂದ ದೂರವಿಡಿರಿ. ಹಿರಿಯರೂ ಹಾಗೆ ಮಾಡದಿದ್ದರೆ ಮಕ್ಕಳು ಕೇಳರು.

3. ರಾತ್ರಿ ದುಡಿದು ಬಂದವರ ಕಿಟಿಕಿಗೆ ದಪ್ಪ ಕಪ್ಪು ಬಟ್ಟೆ ಕಟ್ಟಿ, ಮನೆಯಲ್ಲಿ ಮೌನವಾಗಿರಿ. ಇದೂ ಪ್ರೀತಿಯ ಸೇವೆಯೇ.

4. ಇಷ್ಟು ಮಾಡಿಯೂ ವಾರಗಟ್ಟಲೆ ನಿದ್ರೆ ಬಾರದಿದ್ದರೆ ವೈದ್ಯರಿಗೆ ತೋರಿಸಿರಿ. ಅದನ್ನು ವಿಶ್ವಾಸದ ಕೊರತೆಯೆಂದು ತಿಳಿಯಬೇಡಿರಿ.

ಬೆಳಕನ್ನೂ ಕತ್ತಲೆಯನ್ನೂ ಬೇರೆಮಾಡಿದ ದೇವರು ಎರಡನ್ನೂ ನಮ್ಮ ಹಿತಕ್ಕಾಗಿಯೇ ಇಟ್ಟಿದ್ದಾನೆ.

ಪ್ರಶ್ನೆಗಳು: ನಿಮ್ಮ ಮನೆಯ ಕೊನೆಯ ದೀಪ ಎಷ್ಟು ಗಂಟೆಗೆ ಆರುತ್ತದೆ? ನಿಮ್ಮ ಸಭೆಯಲ್ಲಿ ರಾತ್ರಿ ದುಡಿಯುವವರು ಯಾರು? ಅವರ ಹಗಲಿನ ನಿದ್ರೆಗೆ ನೀವು ಏನು ಮಾಡಬಲ್ಲಿರಿ?