ಅಂಚಿನಿಂದ ನಡುವಿಗೆ

ಜೋಯಿಡಾದ ಕಡೆ ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಸುಲಭವಾಗಿ ಬಿಡುವುದಿಲ್ಲ. ಹಂಚಿನ ಸಂದುಗಳಿಂದ ತಣ್ಣನೆಯ ಗಾಳಿ ಒಳನುಗ್ಗುತ್ತದೆ. ಮಣ್ಣಿನ ನೆಲ ತೇವಗೊಳ್ಳುತ್ತದೆ. ಅಂತಹ ರಾತ್ರಿಗಳಲ್ಲಿ ಸಿದ್ದಿಯರ ಮನೆಯಲ್ಲಿ ಹಾಸಲು, ಹೊದೆಯಲು ಒದಗುವ ವಸ್ತುವೇ ಕವಂದಿ. ಉತ್ತರ ಕರ್ನಾಟಕದ ಮನೆಮನೆಯಲ್ಲಿ ನಾವು ಕಾಣುವ ಕೌದಿಯ ಹತ್ತಿರದ ಬಂಧು ಅದು. ಆದರೆ ಅದನ್ನು ಹೊಲಿಯುವ ಕ್ರಮ ಮಾತ್ರ ಬೇರೆ.

ಸಿದ್ದಿಯರ ಪೂರ್ವಜರು ಆಫ್ರಿಕಾ ಖಂಡದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಯಜಮಾನರ ಹಿಂಸೆಯಿಂದ ತಪ್ಪಿಸಿಕೊಂಡವರು ಘಟ್ಟವನ್ನೇರಿ ದಟ್ಟವಾದ ಕಾಡನ್ನು ಸೇರಿದರು. ಇಂದು ಅವರ ಸಂತತಿಯವರು ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ, ಯಲ್ಲಾಪುರ, ಅಂಕೋಲಾ ಭಾಗಗಳಲ್ಲಿ ನೆಲೆಸಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಕೊಂಕಣಿ, ಕನ್ನಡ, ಉರ್ದು ಅವರ ನಾಲಗೆಯ ಮೇಲಿವೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಮತ, ಭಾಷೆ ಬೇರೆ ಬೇರೆಯಾದರೂ ಕವಂದಿಯನ್ನು ಹೊಲಿಯುವ ಕೈಗಳು ಈ ಮೂರು ಮತದವರ ಮನೆಗಳಲ್ಲಿಯೂ ಇವೆ. ಕೆಲವು ಕವಂದಿಗಳ ಮೇಲೆ ಶಿಲುಬೆಯ ಆಕೃತಿ ಮೂಡಿದರೆ, ಕೆಲವುಗಳ ಮೇಲೆ ಅರ್ಧಚಂದ್ರ ಮೂಡುತ್ತದೆ.

ಕೌದಿ ಹೊಲಿಯುವವರು ಸಾಮಾನ್ಯವಾಗಿ ಬಟ್ಟೆಗಳನ್ನೆಲ್ಲ ಒಂದರ ಮೇಲೊಂದು ಹಾಸಿಕೊಂಡು, ಬಳಿಕ ಉದ್ದಕ್ಕೂ ಹೊಲಿಗೆ ಹಾಕುತ್ತಾರೆ. ಸಿದ್ದಿ ಮಹಿಳೆ ಹಾಗೆ ಮಾಡುವುದಿಲ್ಲ. ಆಕೆ ಹಳೆಯ ಸೀರೆಯನ್ನೋ ಅಗಲವಾದ ಬೇರೊಂದು ಬಟ್ಟೆಯನ್ನೋ ತಳಕ್ಕೆ ಹಾಸಿ, ಅದರ ಒಂದು ಮೂಲೆಯಲ್ಲಿ ಮೊದಲ ತುಂಡನ್ನು ಇಡುತ್ತಾಳೆ. ಎಳೆ ಬಿಚ್ಚದಂತೆ ತುಂಡಿನ ಅಂಚನ್ನು ಒಳಕ್ಕೆ ಮಡಚಿ, ಸೂಜಿಯನ್ನು ಮೇಲಕ್ಕೂ ಕೆಳಕ್ಕೂ ಹಾಯಿಸುತ್ತ ನೇರವಾಗಿ ಹೊಲಿಯುತ್ತಾಳೆ. ಮೊದಲ ತುಂಡು ಮುಗಿಯುವ ಕಡೆ ಎರಡನೆಯದು ಸೇರುತ್ತದೆ. ಅಡಿಯಲ್ಲಿ ದಪ್ಪ ಸಾಲದೆ ಹೋದರೆ ಸವೆದ ಬಟ್ಟೆಯ ಇನ್ನೊಂದು ಪದರ ಸೇರುತ್ತದೆ. ಹೀಗೆ ನಾಲ್ಕು ಅಂಚುಗಳನ್ನೂ ಸುತ್ತಿ ಬಂದ ಹೊಲಿಗೆ, ಎರಡನೆಯ ಸುತ್ತಿನಲ್ಲಿ ಸ್ವಲ್ಪ ಒಳಕ್ಕೆ ಸರಿಯುತ್ತದೆ. ಮೂರನೆಯ ಸುತ್ತಿನಲ್ಲಿ ಮತ್ತಷ್ಟು ಒಳಕ್ಕೆ. ಹೊಲಿಗೆಯ ಸಾಲುಗಳು ಉತ್ತ ಹೊಲದ ಸಾಲುಗಳಂತೆ ಒತ್ತೊತ್ತಾಗಿ ಸಾಗಿ, ಕೊನೆಗೆ ನಟ್ಟನಡುವೆ ಅಂಗೈಯಗಲದ ಜಾಗವೊಂದು ಉಳಿಯುತ್ತದೆ. ಅದನ್ನು ಮುಚ್ಚುವ ತುಂಡನ್ನು ಆ ಜಾಗವೇ ನಿರ್ಧರಿಸುತ್ತದೆ.

ಈ ಕೆಲಸಕ್ಕೆ ನಕ್ಷೆಯಿಲ್ಲ, ಚೌಕಟ್ಟಿಲ್ಲ, ಅಳತೆಯ ಪಟ್ಟಿಯಿಲ್ಲ. ಹಾಗೆಂದು ಇದರಲ್ಲಿ ಲೆಕ್ಕಾಚಾರವಿಲ್ಲವೆಂದು ಭಾವಿಸುವುದು ತಪ್ಪು. ಹೊಲಿಗೆಯನ್ನು ಬಿಗಿಯಾಗಿ ಎಳೆದರೆ ಬಟ್ಟೆ ಮುದುಡುತ್ತದೆ; ಸಡಿಲ ಬಿಟ್ಟರೆ ನಡುವಿಗೆ ಬರುವಷ್ಟರಲ್ಲಿ ಉಬ್ಬು ನಿಲ್ಲುತ್ತದೆ. ಅಂಚಿನಲ್ಲಿ ಮಾಡಿದ ತಪ್ಪು ನಡುವಿನಲ್ಲಿ ಗೋಚರಿಸುತ್ತದೆ. ಆಗ ಬಿಚ್ಚದೆ ಬೇರೆ ದಾರಿಯಿಲ್ಲ.

ಬಣ್ಣಗಳ ವಿಚಾರದಲ್ಲಿಯೂ ಹೀಗೆಯೇ. ಒಳಲಂಗ, ರವಿಕೆ, ಮಕ್ಕಳ ಅಂಗಿ, ಹರಿದ ಲುಂಗಿ ಇವೇ ಆಕೆಯ ಬಣ್ಣದ ಪೆಟ್ಟಿಗೆ. ಹೂವಿನ ಚಿತ್ರವಿರುವ ಬಟ್ಟೆಯಲ್ಲಿ ಹೊಲಿಗೆ ಅಡಗಿಹೋಗುತ್ತದೆ. ಒಂದೇ ಬಣ್ಣದ ಬಟ್ಟೆಯಲ್ಲಾದರೋ ಪ್ರತಿಯೊಂದು ಹೊಲಿಗೆಯೂ ಎದ್ದು ಕಾಣುತ್ತದೆ. ಕೈಯ ಓರೆಕೋರೆಗಳನ್ನು ಅದು ಮುಚ್ಚಿಡಲಾರದು. ಕಡುಗೆಂಪಿನ ಪಕ್ಕದಲ್ಲಿ ಹಳದಿ, ಅದರಾಚೆ ನೀಲಿ, ನಡುನಡುವೆ ಸಣ್ಣ ಸಣ್ಣ ಚೌಕಗಳು ಹೀಗೆ ಕೂಡಿಸುವ ಕೈಗೆ ಅದೇ ಬಟ್ಟೆ ಅನುಕೂಲವಾಗುತ್ತದೆ. ನನ್ನ ಕಣ್ಣಿಗಂತೂ ಇಂತಹ ಕವಂದಿಗಳೇ ಹೆಚ್ಚು ಚೆಲುವಾಗಿ ತೋರುತ್ತವೆ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಊರುಗಳಿಗೆ ಬಂದು ಕವಂದಿಗಳನ್ನು ಅಭ್ಯಸಿಸಿದರು. ಹೊಲಿಗೆಗಾರ್ತಿಯರ ಸಹಕಾರ ಸಂಘವೊಂದು ರೂಪುಗೊಳ್ಳಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಸಿದ್ದಿಯರ ಕವಂದಿಗಳ ಪ್ರದರ್ಶನ ನಡೆಯಿತು. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬಲ್ಲಿಯೂ ಗುಲಾಮರ ವಂಶಜರಾದ ಮಹಿಳೆಯರು ದುಡಿಮೆಯ ಹಳೆಯ ಬಟ್ಟೆಗಳಿಂದ ಹೊದಿಕೆಗಳನ್ನು ಹೊಲಿದು ಹೆಸರಾಗಿದ್ದಾರೆ. ಎರಡನ್ನೂ ನೋಡಿದವರಿಗೆ ಆಫ್ರಿಕಾದ ನೆನಪೇ ಎರಡೂ ಕಡೆ ಉಳಿದು ಬಂದಿತೇ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಆದರೆ ಆತುರದ ತೀರ್ಮಾನ ಸಲ್ಲದು. ಬಂಗಾಳದಲ್ಲಿ ಕಾಂಥಾ ಇದೆ, ಮಹಾರಾಷ್ಟ್ರದಲ್ಲಿ ಗೋಧಡಿ ಇದೆ, ಸಿದ್ದಿಯರ ನೆರೆಹೊರೆಯಲ್ಲಿಯೇ ಕೌದಿ ಇದೆ. ಹಳೆಯ ಬಟ್ಟೆಯನ್ನು ಎಸೆಯಲಾರದ ಬಡತನವೂ ಎಲ್ಲ ಕಡೆ ಇತ್ತು.

ಈಗ ದೂರದ ದೇಶಗಳ ಹವ್ಯಾಸಿಗಳೂ ಕವಂದಿ ಎಂಬ ಹೆಸರಿನಿಂದಲೇ ಈ ಹೊಲಿಗೆಯನ್ನು ಕಲಿಯುತ್ತಿದ್ದಾರೆ. ಅವರ ಬಳಿ ಬಣ್ಣಕ್ಕೊಂದರಂತೆ ಕೊಂಡು ತಂದ ಹೊಸ ಬಟ್ಟೆಯಿರುತ್ತದೆ. ಹೆಸರು ಕಡಲು ದಾಟಿತು, ಸಂತೋಷ. ಆದರೆ ವಾರಗಟ್ಟಲೆ ಕುಳಿತು ಹೊಲಿದವಳ ಶ್ರಮಕ್ಕೆ ತಕ್ಕ ಬೆಲೆ ಅವಳ ಕೈ ಸೇರುವುದೇ? ಕೊಳ್ಳುವವನು ಉದ್ದ ಅಗಲವನ್ನು ಅಳೆದು ಬೆಲೆ ಕಟ್ಟುತ್ತಾನೆ. ಹೊಲಿಗೆಯ ಸಾಲುಗಳನ್ನು ಎಣಿಸುವುದಿಲ್ಲ. ಮನೆಯವರ ಬಟ್ಟೆಗಳಿಂದ ಮನೆಯವರಿಗಾಗಿಯೇ ಹೊಲಿಯುವಾಗ ಈ ಪ್ರಶ್ನೆ ಇರಲಿಲ್ಲ. ಅಜ್ಜನ ಅಂಗಿ ಮೊಮ್ಮಗನ ಮೈಮೇಲಿನ ಹೊದಿಕೆಯಾಗುತ್ತಿತ್ತು, ಅಷ್ಟೆ.

ನಡುವಿನ ತುಂಡನ್ನು ಹೊಲಿದ ಮೇಲೂ ಕವಂದಿ ಮುಗಿಯುವುದಿಲ್ಲ. ಬಟ್ಟೆಯ ಚಿಕ್ಕ ಚೌಕಗಳನ್ನು ಮುಕ್ಕೋನವಾಗಿ ಮಡಚಿ, ಪದರ ಪದರವಾಗಿ ನಾಲ್ಕು ಮೂಲೆಗಳಿಗೂ ಹೊಲಿಯಬೇಕು. ಇವಕ್ಕೆ ‘ಫುಲ’, ಎಂದರೆ ಹೂವು, ಎಂದು ಹೆಸರು. ಇದರಿಂದ ಹೊದಿಕೆಯ ಬಿಸುಪು ಹೆಚ್ಚುವುದಿಲ್ಲ. ಆದರೂ ಫುಲವಿಲ್ಲದ ಕವಂದಿಯನ್ನು ಸಿದ್ದಿ ಮಹಿಳೆಯರು ಬೆತ್ತಲೆ ಎಂದೇ ತಿಳಿಯುತ್ತಾರೆ. ಸೂಜಿಗೆ ಮತ್ತೆ ದಾರ ಪೋಣಿಸಿಕೊಂಡು ಮೂಲೆಗೆ ಮರಳುತ್ತಾರೆ.