ಒಬ್ಬಳ ಹೆಗಲಿಗೇ ಹೊರಿಸಬೇಡಿ

ಕಡೂರು ತಾಲ್ಲೂಕಿನ ನಮ್ಮ ಹಿರೇನಲ್ಲೂರು ಕಡೆಯ ಹಳ್ಳಿ ಶಾಲೆಗಳಲ್ಲಿ ವಿಶೇಷ ಅಗತ್ಯವುಳ್ಳ ಮಗುವಿನ ಜೊತೆ ದಿನವಿಡೀ ಇರುವುದಕ್ಕೆಂದೇ ನೇಮಕವಾದ ಸಹಾಯಕಿಯರು ಸಿಗುವುದು ಕಷ್ಟ. ಇರುವವರು ಕೆಲವೇ ಮಂದಿ ಮೇಷ್ಟ್ರು, ಮೇಡಂ, ಒಬ್ಬ ಅತಿಥಿ ಶಿಕ್ಷಕಿ, ಬಿಸಿಯೂಟದ ಅಕ್ಕಂದಿರು. ಮಗು ಕಿರುಚಿಕೊಂಡಾಗ, ಪುಸ್ತಕ ಹರಿದಾಗ, ಪಕ್ಕದವನನ್ನು ಕಚ್ಚಿದಾಗ, ಶಾಲೆಯವರೇ, ನೀವು ಏನು ಮಾಡುತ್ತೀರಿ? ಇವರಲ್ಲಿ ಯಾರು ಮೆತ್ತಗಿದ್ದಾರೋ ಅವರ ಕೈಗೆ ಮಗುವನ್ನು ದಾಟಿಸಿಬಿಡುತ್ತೀರಿ. ‘ಅವಳ ಮಾತು ಕೇಳುತ್ತೆ, ಅವಳೇ ನೋಡಿಕೊಳ್ಳಲಿ’ ಅಂದು ನಿಮ್ಮ ಪಾಡಿಗೆ ನೀವು ಹೋಗುತ್ತೀರಿ. ಆ ಹೆಣ್ಣುಮಗಳ ತೋಳಿನ ಮೇಲೆ ಉಗುರಿನ ಗೀರು ಕಂಡರೂ ಕೇಳುವುದಿಲ್ಲ. ಈ ಅಭ್ಯಾಸ ಮೊದಲು ಬಿಡಿ. ಮಗುವಿಗೂ ಒಳ್ಳೆಯದಲ್ಲ, ಆಕೆಗೂ ಒಳ್ಳೆಯದಲ್ಲ.

ಮೊದಲು ಮಗುವಿನ ವಿಷಯಕ್ಕೆ ಬರೋಣ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ ಹಿರಿಯರು. ಮಾತೇ ಬಾರದ ಮಗು ತನ್ನ ಕಷ್ಟವನ್ನು ಯಾವುದರಲ್ಲಿ ಹೇಳಬೇಕು? ಕೈಯಲ್ಲಿ ಹೇಳುತ್ತದೆ, ಹಲ್ಲಿನಲ್ಲಿ ಹೇಳುತ್ತದೆ, ನೆಲಕ್ಕೆ ಬಿದ್ದು ಹೊರಳಿ ಹೇಳುತ್ತದೆ. ‘ಕೊಬ್ಬು’, ‘ಹಟ’ ಎಂದು ಹೆಸರಿಡುವ ಮುಂಚೆ ಅದರ ದೇಹವನ್ನೊಮ್ಮೆ ವಿಚಾರಿಸಿ. ರಾತ್ರಿ ನಿದ್ದೆ ಆಗಿತ್ತೇ? ಬೆಳಿಗ್ಗೆ ತಿಂದು ಬಂದಿತ್ತೇ? ಮಲಬದ್ಧತೆ ಇದೆಯೇ? ಕಿವಿ ಸೋರುತ್ತಿದೆಯೇ, ಹಲ್ಲು ಹುಳುಕಾಗಿದೆಯೇ? ಹೊಸ ಸಮವಸ್ತ್ರದ ಕಾಲರು ಕುತ್ತಿಗೆಗೆ ಚುಚ್ಚುತ್ತಿದೆಯೇ? ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನಮಗೆ ಲೆಕ್ಕಕ್ಕೇ ಬಾರದ ಸದ್ದು ಕಿವಿಗೆ ಕಾದ ಸೀಸ ಸುರಿದಂತೆ. ಶಾಲೆಯ ಗಂಟೆ, ಊಟದ ತಟ್ಟೆಗಳ ಸದ್ದು, ಊರ ತೇರಿನ ತಮಟೆ, ಇವೆಲ್ಲ ಅವರನ್ನು ಕಂಗೆಡಿಸುತ್ತವೆ. ಕಾರಣ ಹುಡುಕದೆ ಮಗುವಿನ ಮೇಲೆ ಕೈ ಮಾಡುವುದು, ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆಯೇ.

ಕಾರಣ ಹುಡುಕಲು ದೊಡ್ಡ ಓದು ಬೇಡ, ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಮೂರು ಕಾಲಂ ಗೆರೆ ಹಾಕಿಕೊಳ್ಳಿ. ಗಲಾಟೆಗೆ ಮುಂಚೆ ಏನು ನಡೆದಿತ್ತು, ಮಗು ಏನು ಮಾಡಿತು, ಆಮೇಲೆ ನಾವು ಏನು ಮಾಡಿದೆವು. ತಾರೀಖು, ಗಂಟೆ ಬರೆಯುವುದನ್ನು ಮರೆಯಬೇಡಿ. ‘ಸುಮ್ಮಸುಮ್ಮನೆ ಹೊಡೆಯಿತು’ ಎಂದು ಬರೆಯಬೇಡಿ, ಕಂಡದ್ದನ್ನಷ್ಟೇ ಬರೆಯಿರಿ. ಕೆಲವು ವಾರ ಬಿಡದೆ ಬರೆದರೆ ನಿಮಗೇ ತಿಳಿಯುತ್ತದೆ, ಒಂದು ಮಗು ಊಟದ ಸಾಲಿನಲ್ಲಿ ನೂಕುನುಗ್ಗಲಾದಾಗಲೇ ಕೆರಳುತ್ತದೆ, ಇನ್ನೊಂದು ಬರೆಯುವ ಕೆಲಸ ಕೊಟ್ಟ ಕೂಡಲೇ ಸ್ಲೇಟು ಎಸೆಯುತ್ತದೆ. ಎಸೆದ ಕೂಡಲೇ ‘ಹೊರಗೆ ಹೋಗು’ ಎಂದು ಕಳಿಸುತ್ತಾ ಬಂದಿದ್ದರೆ, ಎಸೆದರೆ ಬರೆಯುವ ಕಷ್ಟ ತಪ್ಪುತ್ತದೆ ಎಂಬ ಪಾಠವನ್ನು ನೀವೇ ಕಲಿಸಿದ್ದೀರಿ. ಕೆಲಸವನ್ನು ಸಣ್ಣದು ಮಾಡಿ ಕೊಡಿ, ‘ಸಾಕು’ ಎಂದು ಕೈಸನ್ನೆಯಲ್ಲಿ ಕೇಳುವುದನ್ನು ಕಲಿಸಿ, ಕೇಳಿದಾಗ ಬಿಡುವು ಕೊಡಿ.

ತಂದೆತಾಯಿಯರೇ, ನಿಮಗೂ ಹೇಳಬೇಕು. ಮಗು ಅರಚಿದಾಗ ಮೊಬೈಲ್ ಕೈಗೆ ಕೊಟ್ಟು ಸುಮ್ಮನಾಗಿಸುತ್ತೀರಿ. ಅಡಿಕೆ ಸುಲಿಯುವ ಕಾಲ, ರಾಗಿ ಕೊಯ್ಲಿನ ಕಾಲ, ಮೈಮುರಿಯುವ ಕೆಲಸ ಇರುತ್ತದೆ, ಒಪ್ಪುತ್ತೇನೆ. ಆದರೆ ಮನೆಯಲ್ಲಿ ಅರಚಿದರೆ ಮೊಬೈಲ್ ಸಿಕ್ಕಿತು ಎಂದಾದರೆ, ಶಾಲೆಯಲ್ಲೂ ಅದು ಅರಚಿಯೇ ಕೇಳುತ್ತದೆ. ಅಲ್ಲಿ ಸಿಗದಿದ್ದಾಗ ಕೂದಲಿಗೆ ಕೈ ಹಾಕಿಸಿಕೊಳ್ಳುವವಳು ಅದನ್ನು ನೋಡಿಕೊಳ್ಳುವ ಆ ಅಕ್ಕ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬಂತೆ ಮನೆಗೊಂದು ಪದ್ಧತಿ, ಶಾಲೆಗೊಂದು ಪದ್ಧತಿ ಮಾಡಬೇಡಿ. ಕೊಡುವುದಾದರೆ ಶಾಂತವಾಗಿ ಕೇಳಿದಾಗ ಕೊಡಿ, ಅರಚಿದಾಗ ಕೊಡಬೇಡಿ. ಹೀಗೆ ಬಿಗಿ ಹಿಡಿದ ಮೊದಲ ದಿನಗಳಲ್ಲಿ ಗಲಾಟೆ ಇನ್ನೂ ಜಾಸ್ತಿಯಾಗಬಹುದು. ಗಾಬರಿಯಾಗಿ ಕೈಬಿಡಬೇಡಿ. ನಡುವೆ ಒಮ್ಮೆ ಸೋತು ಕೊಟ್ಟರೆ ಮುಂದಿನ ಸಲ ಅದು ಎರಡರಷ್ಟು ಅರಚುತ್ತದೆ. ಸುಮ್ಮನೆ ಕೂತಾಗ, ಚಪ್ಪಲಿ ಸರಿಯಾಗಿ ಬಿಟ್ಟಾಗ, ನೀರನ್ನು ಸನ್ನೆ ಮಾಡಿ ಕೇಳಿದಾಗ ಆ ಕ್ಷಣವೇ ಬೆನ್ನು ತಟ್ಟಿ. ನಾವು ಬೈಯಲು ಕಾದು ಕೂರುತ್ತೇವೆ, ಹೊಗಳಲು ಮರೆಯುತ್ತೇವೆ.

ಶಾಲೆಯಲ್ಲಿ ದಿನದ ಕ್ರಮ ಮಗುವಿನ ಕಣ್ಣಿಗೆ ಕಾಣುವಂತಿರಲಿ. ಪ್ರಾರ್ಥನೆ, ಪಾಠ, ಊಟ, ಆಟ, ಮನೆ ಎಂದು ಐದು ಚಿತ್ರ ಬರೆದು ಒಂದೊಂದನ್ನೂ ಒಂದೊಂದು ರಟ್ಟಿಗೆ ಅಂಟಿಸಿ ಗೋಡೆಗೆ ತೂಗುಹಾಕಿ. ಒಂದು ಮುಗಿದಾಗ ಅದನ್ನು ಮಗುವಿನ ಕೈಯಿಂದಲೇ ಮಗುಚಿಸಿ. ‘ಮೊದಲು ಎರಡು ಅಕ್ಷರ, ಆಮೇಲೆ ಚೆಂಡು’ ಎಂದು ಚಿಕ್ಕ ಮಾತಿನಲ್ಲಿ ಹೇಳಿ, ಹೇಳಿದ ಮೇಲೆ ಚೆಂಡು ಕೊಡಲೇಬೇಕು, ಮಾತು ತಪ್ಪಬಾರದು. ಗಂಟೆ ಹೊಡೆಯುವ ಮುನ್ನ ಮಗುವಿಗೆ ತಿಳಿಸಿ. ಊಟದ ಸಾಲಿನಲ್ಲಿ ಅದನ್ನು ಮೊದಲು ಬಿಡಿ, ಇಲ್ಲವೇ ಗಲಾಟೆ ಕಡಿಮೆಯಾದ ಮೇಲೆ ಕರೆಯಿರಿ. ಕೋಣೆಯ ಒಂದು ಮೂಲೆಗೆ ಚಾಪೆ ಹಾಸಿ, ಮನಸ್ಸು ಕದಡಿದಾಗ ಹೋಗಿ ಕೂರುವ ಜಾಗ ಮಾಡಿ. ಅದು ಶಿಕ್ಷೆಯ ಜಾಗ ಆಗಬಾರದು. ಯಾವ ಕಾರಣಕ್ಕೂ ಮಗುವನ್ನು ಕೋಣೆಯೊಳಗೆ ಕೂಡಿ ಚಿಲಕ ಹಾಕಬೇಡಿ.

ಇಷ್ಟೆಲ್ಲ ಮಾಡಿದರೂ ಒಂದೊಂದು ದಿನ ಗಲಾಟೆ ಆಗುತ್ತದೆ. ಆಗ ಮಾತು ಕಡಿಮೆ ಮಾಡಿ, ದನಿ ತಗ್ಗಿಸಿ. ಐದಾರು ಜನ ಸುತ್ತ ನಿಂತು ಒಬ್ಬೊಬ್ಬರು ಒಂದೊಂದು ಬುದ್ಧಿ ಹೇಳಬೇಡಿ. ಒಬ್ಬರು ಮಗುವಿನ ಬಳಿ ಇರಲಿ, ಇನ್ನೊಬ್ಬರು ಉಳಿದ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಲಿ. ಕತ್ತರಿ, ಕೈವಾರ, ಕಲ್ಲು ಕೈಗೆ ಸಿಗದಂತೆ ತೆಗೆದಿಡಿ. ಒಂದು ತೋಳಳತೆ ದೂರದಲ್ಲಿ, ನೇರ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಕೈ ಕಚ್ಚಿ ಹಿಡಿದಿದ್ದರೆ ಜಗ್ಗಬೇಡಿ, ಜಗ್ಗಿದರೆ ಗಾಯ ಹರಿಯುತ್ತದೆ. ಅಲುಗಾಡಿಸದೆ, ಕೈಯನ್ನು ಬಾಯಿಯ ಕಡೆಗೇ ಮೆಲ್ಲಗೆ ಒತ್ತಿದರೆ ಹಿಡಿತ ಸಡಿಲುತ್ತದೆ. ಕೂದಲು ಹಿಡಿದಿದ್ದರೆ ಮಗುವಿನ ಕೈ ಮೇಲೆ ನಿಮ್ಮ ಕೈಯಿಟ್ಟು ತಲೆಗೆ ಒತ್ತಿ ಹಿಡಿಯಿರಿ, ನೋವು ಕಡಿಮೆಯಾಗುತ್ತದೆ, ಬಿಡಿಸಲು ಸಮಯ ಸಿಗುತ್ತದೆ. ಮಗುವನ್ನು ಬೋರಲು ಕೆಡವಿ ಬೆನ್ನ ಮೇಲೆ ಕೂರುವುದು, ಎದೆ ಅದುಮುವುದು, ಕಂಬಕ್ಕೆ ಕಟ್ಟುವುದು ಪ್ರಾಣಕ್ಕೆ ಅಪಾಯ, ಎಂದೂ ಮಾಡಬೇಡಿ. ಶಾಂತವಾದ ಮೇಲೆ ಬುದ್ಧಿ ಹೇಳುವ ಆತುರ ಬೇಡ. ನೀರು ಕೊಡಿ, ಸುಧಾರಿಸಿಕೊಳ್ಳಲು ಬಿಡಿ.

‘ದಂಡಂ ದಶಗುಣಂ’ ಎನ್ನುವವರು ಇನ್ನೂ ಇದ್ದಾರೆ. ಆ ಕಾಲ ಹೋಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಕಾನೂನು ಬಿಡಿ, ಹೊಡೆತ ತಿಂದ ಮಗು ಹೊಡೆಯುವುದನ್ನೇ ಕಲಿಯುತ್ತದೆ.

ಈಗ ಮಗುವನ್ನು ನೋಡಿಕೊಳ್ಳುವ ಅಕ್ಕಂದಿರೇ, ನಿಮ್ಮ ಜೊತೆ ಎರಡು ಮಾತು. ನೀವು ಸೈರಣೆಯವರು ಎಂದು ಊರಿಗೇ ಗೊತ್ತು. ತಾಳಿದವನು ಬಾಳಿಯಾನು ನಿಜ, ಆದರೆ ಅತಿಯಾದರೆ ಅಮೃತವೂ ವಿಷ. ಆದ ಗಾಯವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಹೋಗಬೇಡಿ. ಕಚ್ಚಿದ ಜಾಗವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಚರ್ಮ ಒಡೆದಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ, ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಕೇಳಿ. ನಡೆದದ್ದನ್ನು ಪುಸ್ತಕದಲ್ಲಿ ಬರೆಸಿ, ಮುಖ್ಯ ಶಿಕ್ಷಕರ ಸಹಿ ಹಾಕಿಸಿ. ಇದು ಮಗುವಿನ ಮೇಲಿನ ದೂರು ಎಂದು ಸಂಕೋಚ ಪಡಬೇಡಿ, ಮುಂದಿನ ಸಲ ಹಾಗಾಗದಂತೆ ನೋಡಿಕೊಳ್ಳಲು ದಾಖಲೆ ಬೇಕು. ಕೂದಲು ಎತ್ತಿ ಕಟ್ಟಿ, ಜೋತಾಡುವ ಓಲೆ, ಉದ್ದನೆಯ ಸರ ಬೇಡ, ಸೆರಗು ಪಿನ್ ಮಾಡಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ‘ಇವತ್ತು ನನ್ನ ಕೈಲಿ ಆಗುತ್ತಿಲ್ಲ’ ಎಂದು ಬಾಯಿಬಿಟ್ಟು ಹೇಳಿ. ದಣಿದ ಕೈ ತನಗೇ ತಿಳಿಯದಂತೆ ಬಿರುಸಾಗುತ್ತದೆ. ರಾತ್ರಿ ನಿದ್ದೆ ಬರುತ್ತಿಲ್ಲ, ಬೆಳಿಗ್ಗೆ ಶಾಲೆಯ ನೆನಪಾದರೆ ಎದೆ ಹೊಡೆದುಕೊಳ್ಳುತ್ತದೆ ಎಂದಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮುಖ್ಯ ಶಿಕ್ಷಕರೇ, ಶಾಲಾಭಿವೃದ್ಧಿ ಸಮಿತಿಯ (ಎಸ್.ಡಿ.ಎಂ.ಸಿ.) ಸದಸ್ಯರೇ, ಈ ಅಕ್ಕಂದಿರಿಗೆ ಬಿಡುವು ಕೊಡುವ ಕೆಲಸ ನಿಮ್ಮದು. ಪಾಳಿ ಮಾಡಿ. ಬೆಳಿಗ್ಗೆ ಒಬ್ಬರು, ಊಟದ ಹೊತ್ತಿಗೆ ಇನ್ನೊಬ್ಬರು, ಮಧ್ಯಾಹ್ನ ಮತ್ತೊಬ್ಬರು. ಬಿಸಿಯೂಟದವರು ಒಲೆ ಮುಂದೆ ಇರುವಾಗ ಮಗುವನ್ನು ಅವರ ಕೈಗೆ ಕೊಡಬೇಡಿ, ಬಿಸಿ ಸಾರಿನ ಪಾತ್ರೆ ಪಕ್ಕದಲ್ಲಿರುತ್ತದೆ. ಹೆಣ್ಣುಮಗುವಿನ ಶೌಚದ ಕೆಲಸಕ್ಕೆ ಹೆಂಗಸರೇ ಇರಲಿ. ಬೇರೆ ಕೆಲಸಕ್ಕೆ ಬಂದವರಿಂದ ಈ ಕೆಲಸವನ್ನೂ ಮಾಡಿಸಿಕೊಳ್ಳುತ್ತಿದ್ದರೆ ಅದಕ್ಕೆ ಪ್ರತ್ಯೇಕ ಗೌರವಧನ ಕೊಡಿಸುವ ದಾರಿ ಹುಡುಕಿ. ಪುಣ್ಯದ ಕೆಲಸ ಎಂಬ ಹೊಗಳಿಕೆಯಿಂದ ಯಾರ ಮನೆಯ ಒಲೆಯೂ ಉರಿಯುವುದಿಲ್ಲ.

ಹಕ್ಕಾಗಿ ಸಿಗಬೇಕಾದ ನೆರವನ್ನು ಕೇಳುವುದನ್ನೂ ಕಲಿಯಿರಿ. ಅಳದ ಕೂಸಿಗೆ ತಾಯಿಯೂ ಹಾಲು ಕೊಡಳು. ಸಮಗ್ರ ಶಿಕ್ಷಣ ಕರ್ನಾಟಕದಡಿ ಬ್ಲಾಕ್ ಸಂಪನ್ಮೂಲ ಕೇಂದ್ರದ (ಬಿ.ಆರ್.ಸಿ.) ಕಚೇರಿಗಳಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಅವರನ್ನು ನಿಮ್ಮ ಶಾಲೆಗೆ ಕರೆಸಿ, ಮಗುವಿನ ಎದುರಿಗೇ ಕೂರಿಸಿಕೊಂಡು ಏನು ಮಾಡಬೇಕೆಂದು ಕೇಳಿ. ನಡೆದಾಡಲಾಗದ ಮಗುವಿಗೆ ಪ್ರಯಾಣ ಭತ್ಯೆ, ಬೆಂಗಾವಲು ಭತ್ಯೆಯೂ ಇದೆ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ವಿಶೇಷ ಶಿಕ್ಷಕರ ಅನುಪಾತ ನಿಗದಿಯಾಗಬೇಕು ಎಂದಿತು. ಮುಂದೆ ಕೇಂದ್ರ ಸರ್ಕಾರ ಇಟ್ಟ ಲೆಕ್ಕದಂತೆ 1ರಿಂದ 5ನೇ ತರಗತಿಯವರೆಗೆ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, 6ರಿಂದ 8ರವರೆಗೆ 15 ಮಕ್ಕಳಿಗೆ ಒಬ್ಬರು ಬೇಕು. ನಿಮ್ಮ ಕ್ಲಸ್ಟರಿನಲ್ಲಿ ಇಂಥ ಮಕ್ಕಳು ಎಷ್ಟು, ಶಿಕ್ಷಕರು ಎಷ್ಟು ಎಂದು ಬರೆದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿ.ಇ.ಒ.) ಅವರಿಗೆ ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ಮಗುವಿಗೆ ಯು.ಡಿ.ಐ.ಡಿ. ಎಂಬ ವಿಕಲಚೇತನರ ಗುರುತಿನ ಕಾರ್ಡು ಮಾಡಿಸಿರದಿದ್ದರೆ ಮಾಡಿಸಿ. ಗ್ರಾಮ ಪಂಚಾಯ್ತಿಯಲ್ಲಿ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ದಾರಿ ತೋರಿಸುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಸರದಿಯಂತೆ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಕಡೂರು ಆಸ್ಪತ್ರೆಯ ಸರದಿ ಯಾವಾಗ ಎಂದು ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿಕೊಂಡು ಹೋಗಿ, ಮೂರು ಕಾಲಂ ಬರೆದ ಆ ನೋಟ್‌ಬುಕ್ ಜೊತೆಗಿರಲಿ. ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. ಮಗುವಿಗೆ ಫಿಟ್ಸ್ ಇದ್ದರೆ ಅದರ ಮಾತ್ರೆಯನ್ನು ‘ಈಗ ಹುಷಾರಾಗಿದೆ’ ಎಂದು ನೀವೇ ನಿಲ್ಲಿಸಬೇಡಿ, ಸಟ್ಟನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು. ಬರೆ ಹಾಕಿಸುವುದು, ಹೊಗೆ ಹಿಡಿಸುವುದು ಬೇಡವೇ ಬೇಡ. ಊರಿನ ಮಲ್ಲಿಕಾರ್ಜುನ ಸ್ವಾಮಿಗೆ ಹಣ್ಣುಕಾಯಿ ಮಾಡಿಸಿ, ಆದರೆ ಮಾತ್ರೆಯ ಹೊತ್ತು ತಪ್ಪಿಸಬೇಡಿ.

ಉಳಿದ ಮಕ್ಕಳ ತಂದೆತಾಯಿಯರಿಗೂ ಒಂದು ಮಾತು. ನಿಮ್ಮ ಮಗುವಿಗೆ ಪೆಟ್ಟಾದರೆ ಹೊಟ್ಟೆ ಉರಿಯುವುದು ಸಹಜ. ನಿಮ್ಮ ಮಗು ಭಯವಿಲ್ಲದೆ ಕೂತು ಓದಬೇಕು, ಅದನ್ನು ಕೇಳುವ ಹಕ್ಕು ನಿಮಗಿದೆ. ಆದರೆ ‘ಆ ಮಗುವನ್ನು ಶಾಲೆಯಿಂದ ತೆಗೆಯಿರಿ’ ಎಂದು ಗುಂಪು ಕಟ್ಟಿಕೊಂಡು ಬರಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದ ಮಾಡದೆ ಇಂಥ ಮಕ್ಕಳನ್ನು ಸೇರಿಸಿಕೊಳ್ಳಬೇಕು. ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆಯನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ. ಅದು ಆ ಮಗುವಿನ ಅನುಕೂಲಕ್ಕೆ ಇರುವುದು, ಗಲಾಟೆ ಮಾಡುತ್ತದೆ ಎಂದು ಮನೆಗೆ ಅಟ್ಟುವುದಕ್ಕಲ್ಲ. ನಿಮ್ಮ ಮನೆಯಲ್ಲಿ ‘ಹುಚ್ಚ’, ‘ಅರೆಮರುಳು’ ಎಂಬ ಮಾತು ಆಡಬೇಡಿ. ನೀವು ಮನೆಯಲ್ಲಿ ಅಂದದ್ದನ್ನೇ ನಿಮ್ಮ ಮಗು ಶಾಲೆಯಲ್ಲಿ ಅನ್ನುತ್ತದೆ, ಆ ಮಗು ಕೆರಳುತ್ತದೆ.

ದೊಡ್ಡದಾದ ಮೇಲೆ ನೋಡಿಕೊಂಡರಾಯಿತು ಎಂದು ಮುಂದೂಡಬೇಡಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಆರು ವರ್ಷದ ಮಗು ತಳ್ಳಿದರೆ ತಡೆದುಕೊಳ್ಳಬಹುದು, ಹದಿನಾಲ್ಕರ ಹುಡುಗ ತಳ್ಳಿದರೆ ಆ ಅಕ್ಕ ಬಿದ್ದು ಸೊಂಟ ಮುರಿದುಕೊಳ್ಳುತ್ತಾಳೆ. ಕೇಳುವ, ಕಾಯುವ, ‘ಬೇಡ’ ಎನ್ನುವ ರೀತಿಯನ್ನು ಚಿಕ್ಕಂದಿನಲ್ಲೇ ಕಲಿಸಿ.

ಮುಂದಿನ ಎಸ್.ಡಿ.ಎಂ.ಸಿ. ಸಭೆಯಲ್ಲಿ ಗೋಡೆಗೆ ಬಣ್ಣ, ಕಾಂಪೌಂಡಿಗೆ ಗೇಟು ಎಂದು ಮಾತಾಡುವ ಮುಂಚೆ ಈ ವಿಷಯ ಎತ್ತಿ. ಆ ಮಗುವಿನ ತಾಯಿಯನ್ನೂ, ದಿನಾ ಅದನ್ನು ನೋಡಿಕೊಳ್ಳುವ ಅಕ್ಕನನ್ನೂ ಸಭೆಗೆ ಕರೆದು ಕುರ್ಚಿ ಕೊಟ್ಟು ಕೂರಿಸಿ, ಮೊದಲು ಅವರ ಮಾತು ಕೇಳಿ. ಯಾವ ಹೊತ್ತಿಗೆ ಯಾರು ಎಂಬ ಪಾಳಿಯನ್ನು ಅಲ್ಲೇ ಬರೆದು ಎಲ್ಲರೂ ಸಹಿ ಹಾಕಿ, ನಿಮ್ಮ ಹೆಸರೂ ಅದರಲ್ಲಿರಲಿ.