ಒಂಬತ್ತನೇ ಪ್ರಶ್ನೆ

ಡಿಗ್ರಿ ಮಕ್ಕಳ ಮನಸ್ಸಿನ ಕ್ಷೇಮ ಅಳೆಯಲು ನಾನು ಬಳಸುವುದು ಎರಡೇ ಹಾಳೆ. ಒಂದು, 2001ರಲ್ಲಿ ಪ್ರಕಟವಾದ ಪಿಎಚ್‌ಕ್ಯೂ-9: ಕಳೆದ ಎರಡು ವಾರ ಹೇಗಿತ್ತೆಂದು ಒಂಬತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರು, ಒಟ್ಟು 27. ಇನ್ನೊಂದು ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳದ್ದು. ತೆಕ್ಕಲಕೋಟೆ, ಸಿರುಗುಪ್ಪ ಕಡೆಯ ಮಕ್ಕಳಿಗೆ ಇವನ್ನು ಹಂಚುತ್ತ, ಎಡವುತ್ತ ಕಲಿತದ್ದಿಷ್ಟು.

1. ಸಂಜೆಯೊಳಗೆ ಓದಲಾಗದಿದ್ದರೆ ಹಾಳೆ ಹಂಚಬೇಡಿ.

ಮೊದಲ ವರ್ಷ ಹೆಸರು ಬರೆಸಿರಲಿಲ್ಲ. ಹೆಸರಿದ್ದರೆ ಯಾರೂ ನಿಜ ಹೇಳುವುದಿಲ್ಲ ಎಂಬ ಲೆಕ್ಕ. ಕಟ್ಟನ್ನು ಬೀರುವಿನಲ್ಲಿಟ್ಟು ಪರೀಕ್ಷೆ ಕೆಲಸಕ್ಕೆ ಹೋದೆ. ಐದನೇ ದಿನ ಬಿಚ್ಚಿದರೆ ಹಸಿರು ಇಂಕಿನಲ್ಲಿ ತುಂಬಿದ ಒಂದು ಹಾಳೆ. ಮೇಲೆಲ್ಲ ಒಂದು, ಎರಡು. ಸಾವಿನ ಯೋಚನೆ ಕೇಳುವ ಒಂಬತ್ತನೆಯದಕ್ಕೆ ಮಾತ್ರ ಮೂರು. ಆ ಗುರುತನ್ನು ಎರಡು ಸಲ ತೀಡಿ ಹಾಳೆ ಹಿಂದಕ್ಕೆ ಉಬ್ಬಿತ್ತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಮೂರೂ ಸೆಕ್ಷನ್ನಿಗೆ ಹೋಗಿ, "ಹಸಿರು ಇಂಕಿನೋರು ಯಾರು ಅಂತ ಕೇಳಂಗಿಲ್ಲ. ಗ್ರಂಥಾಲಯದ ಹಿಂದಿನ ಕೋಣೆಯಾಗ ಇರ್ತೀನಿ, ಬರ್ರಿ" ಅಂದೆ. ಮೂವರು ಬಂದರು. ಮೂವರ ಕಿಸೆಯಲ್ಲೂ ನೀಲಿ ಪೆನ್ನು. ಆದರೆ ಮೂವರಿಗೂ ಹೇಳಿಕೊಳ್ಳುವುದಿತ್ತು. ಹಸಿರು ಇಂಕಿನವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಈಗ ಹೆಸರು ಬರೆಸುತ್ತೇನೆ. ಯಾರು ಓದುತ್ತಾರೆ, ಎಂಥ ಹೊತ್ತಿನಲ್ಲಿ ಮನೆಗೆ ತಿಳಿಸುತ್ತೇನೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವರು ಸುಳ್ಳು ಬರೆಯುತ್ತಾರೆ. ಬರೆಯಲಿ.

2. ಒಟ್ಟು ಕೂಡುವ ಮೊದಲು ಒಂಬತ್ತನ್ನು ನೋಡಿ.

ಮೊತ್ತ ಐದೇ ಇದ್ದರೂ ಅಲ್ಲಿ ಒಂದು ಇದ್ದರೆ ಅದೇ ದಿನ ಕರೆದು ಕೂರಿಸಬೇಕು. ಅಳಿಸಿದ ಗುರುತೂ ಗುರುತೇ.

3. ಪುಸ್ತಕದ ಕನ್ನಡ ಇಲ್ಲಿ ನಡೆಯುವುದಿಲ್ಲ.

"ನಿರಾಸಕ್ತಿ ಉಂಟಾ?" ಎಂದು ಒಬ್ಬ ಹುಡುಗನನ್ನು ಕೇಳಿದ್ದೆ. "ಶಕ್ತಿಗೇನ್ ಕಮ್ಮಿ ಇಲ್ರಿ ಮೇಡಂ, ನಿನ್ನೇನೇ ಲಾರಿಗೆ ಭತ್ತದ ಚೀಲ ಹಾಕಿ ಬಂದೀನಿ" ಅಂದ. ಖಿನ್ನತೆ ಎಂಬ ಪದ ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ. ಇರುವುದು ಬ್ಯಾಸರ, ಎದಿ ಡವಡವ, ತಲಿಭಾರ, "ಸಾಕಾಗೇತ್ರಿ". ಮನೆಯಲ್ಲಿ ತೆಲುಗಾಡುವ ಮಕ್ಕಳಿಗೆ ಇದೂ ಒಂದು ಮೆಟ್ಟಿಲು ದೂರ. 1980ರ ಹೊತ್ತಿಗೆ ಚೀನಾದ ಹೂನಾನ್‌ನಲ್ಲಿ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ನರದೌರ್ಬಲ್ಯ ಎಂದು ಬಂದ 100 ಜನರನ್ನು ಪರೀಕ್ಷಿಸಿದಾಗ 87 ಮಂದಿಗೆ ಖಿನ್ನತೆಯಿತ್ತು. ಅವರು ಹೇಳಿಕೊಂಡು ಬಂದದ್ದು ತಲೆನೋವು, ನಿಶ್ಶಕ್ತಿ. ಓದಿದಾಗ ನಮ್ಮ ತರಗತಿಯೇ ಕಣ್ಣಿಗೆ ಬಂತು.

ಹಾಗಂತ ಅಚ್ಚಾದ ಪ್ರಶ್ನೆ ತಿದ್ದಬೇಡಿ, ಅಳತೆಗೋಲೇ ಬದಲಾಗುತ್ತದೆ. ಹಾಳೆ ಇದ್ದಂತೆಯೇ ಇರಲಿ, ಪಕ್ಕದಲ್ಲಿ ಕೂತು ಬಾಯಲ್ಲಿ ಬಿಡಿಸಿ ಹೇಳಿ. ಇನ್ನೊಂದು: ಭತ್ತ ಕೊಯ್ಲಿನ ವಾರ ಆಯಾಸದ ಪ್ರಶ್ನೆಗೆ ಎಲ್ಲರೂ ಮೂರು ಹಾಕುತ್ತಾರೆ.

4. ಹತ್ತರ ಗೆರೆಯನ್ನು ತೀರ್ಪು ಎಂದುಕೊಳ್ಳಬೇಡಿ.

ಪಿಎಚ್‌ಕ್ಯೂ-9ರ ಮೂಲ ಅಧ್ಯಯನದಲ್ಲಿ ಹತ್ತು ಅಂಕದ ಗೆರೆ ಖಿನ್ನತೆಯಿದ್ದ 100ರಲ್ಲಿ 88 ಜನರನ್ನು ಹಿಡಿದಿತ್ತು, ಇಲ್ಲದ 100ರಲ್ಲಿ 88 ಜನರನ್ನು ಸರಿಯಾಗಿ ಬಿಟ್ಟಿತ್ತು. ಕೇಳಲು ಚೆಂದ. ಸಾವಿರ ಮಕ್ಕಳಲ್ಲಿ ನೂರು ಮಂದಿಗೆ ಖಿನ್ನತೆ ಎಂದಿಟ್ಟುಕೊಂಡು ಲೆಕ್ಕ ಹಾಕಿ: ಸರಿಯಾಗಿ ಸಿಕ್ಕವರು 88, ಸುಮ್ಮನೆ ಸಿಕ್ಕವರು 108. ಯಾರು ಜೀವ ತೆಗೆದುಕೊಳ್ಳುತ್ತಾರೆ ಎಂದು ಮುಂಚೆಯೇ ಹೇಳುವುದಂತೂ ಇನ್ನೂ ಕಷ್ಟ. 2017ರಲ್ಲಿ, ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಆ ಊಹೆ ನಾಣ್ಯ ಚಿಮ್ಮುವುದಕ್ಕಿಂತ ಅಷ್ಟೇನೂ ಮೇಲಲ್ಲ ಎಂದು ಕಂಡಿತು. ಹೀಗಾಗಿ ನನ್ನ ಮಟ್ಟಿಗೆ ಅಂಕವೆಂದರೆ ಯಾರನ್ನು ಮೊದಲು ಮಾತಾಡಿಸಬೇಕೆಂಬ ಸರದಿ. "ರಿಸ್ಕ್ ಲಿಸ್ಟ್" ಎಂದು ನೋಟೀಸ್ ಬೋರ್ಡಿನ ಭಾಷೆಯಲ್ಲಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

5. ನೇರ ಕೇಳಿ.

ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ಸುಳ್ಳೆಂದು ಅಧ್ಯಯನಗಳೇ ತೋರಿಸಿವೆ. "ಜೀವ ಕಳ್ಕೋಬೇಕು ಅನ್ನಿಸೇತೇನವ್ವಾ?" ಎಂದು ಕೇಳಿ ಬಾಯಿ ಮುಚ್ಚಿ ಕೂರಬೇಕು. ಎಷ್ಟೋ ಸಲ ಮೊದಲು ಬರುವುದು ಉಸಿರು, ಆಮೇಲೆ ಮಾತು. ಹೌದು ಎಂದರೆ ಒಂಟಿಯಾಗಿ ಕಳಿಸುವಂತಿಲ್ಲ. ಮನೆಯವರು ಬಂದಾಗ ನಾನು ಬಿಡದೆ ಹೇಳುವ ಮಾತೊಂದಿದೆ: ಹೊಲದ ಔಷಧಿಗೆ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

6. ಒಳ್ಳೆಯದನ್ನೂ ಅಳೆಯಿರಿ.

ಐದು ಪ್ರಶ್ನೆಗಳ ಹಾಳೆ ಕೇಳುವುದು ಬೆಳಿಗ್ಗೆ ಹಗುರಾಗಿ ಎದ್ದಿರಾ, ದಿನದಲ್ಲಿ ಮನಸ್ಸಿಗೆ ಹಿಡಿಸಿದ್ದು ಇತ್ತಾ ಎಂಬಂಥವನ್ನೇ. 25ಕ್ಕೆ ಬಂದದ್ದನ್ನು ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಲೆಕ್ಕ. ನಾನು ಇದನ್ನೇ ಮೊದಲು ಕೊಡುತ್ತೇನೆ.

7. ಚೀಟಿ ಬರೆದುಕೊಟ್ಟರೆ ಕೆಲಸ ಮುಗಿಯಲಿಲ್ಲ.

ಊರಿನ ಹತ್ತಿರವೇ ಮನೋಚಿಕಿತ್ಸೆ ಸಿಗಬೇಕೆಂದು ನಿಮ್ಹಾನ್ಸ್ 1985ರಲ್ಲಿ ಪ್ರಯೋಗ ಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ 'ಬಳ್ಳಾರಿ ಮಾದರಿ'ಯೇ ತಳಪಾಯ. ಅಂಥ ಜಿಲ್ಲೆಯಲ್ಲಿದ್ದೂ ನಾನು "ಬಳ್ಳಾರಿಗೆ ಹೋಗಿ ತೋರಿಸು" ಎಂದು ಚೀಟಿ ಕೊಟ್ಟು ಕಳಿಸುತ್ತಿದ್ದೆ. ಚೀಟಿ ಪುಸ್ತಕದೊಳಗೇ ಉಳಿಯುತ್ತಿತ್ತು. ಈಗ ಮೊದಲ ಸಲ ನಾನೇ ಜೊತೆಗೆ ಹೋಗುತ್ತೇನೆ. ಹಾಳೆಯ ಕೆಳಗೆ ಟೆಲಿ-ಮಾನಸ್‌ನ 14416 ಅಚ್ಚು ಹಾಕಿಸಿದ್ದೇನೆ. ಹಗಲು ರಾತ್ರಿ ಸಿಗುವ ಪುಕ್ಕಟೆ ನಂಬರು, ಕನ್ನಡದಲ್ಲೇ ಮಾತಾಡಬಹುದು.

ನನ್ನ ಕೋಣೆಯ ಸಮಯ ಮೊದಲು ಮಧ್ಯಾಹ್ನ ಮೂರೂವರೆಯ ಮೇಲಿತ್ತು. ಒಂದು ನರಪಿಳ್ಳೆಯೂ ಬರಲಿಲ್ಲ. ಮಕ್ಕಳಿಗೆ ಆಸಕ್ತಿಯಿಲ್ಲ ಎಂದು ವರದಿಯಲ್ಲಿ ಬರೆದೂಬಿಟ್ಟೆ. ಹಳ್ಳಿಗಳ ಬಸ್ಸು ಮೂರೂಮುಕ್ಕಾಲಿಗೆ ಹೊರಡುತ್ತದೆಂದು ಹೇಳಿದವನು ಜವಾನ. ಈಗ ಬೆಳಗಿನ ಬಸ್ಸು ಇಳಿಸುವ ಎಂಟೂವರೆಯಿಂದ ಹತ್ತರವರೆಗೆ ಬಾಗಿಲು ತೆರೆದಿರುತ್ತೇನೆ. ಕೆಲವರು ಮಾತಾಡುತ್ತಾರೆ. ಕೆಲವರು ಡಬ್ಬಿ ಬಿಚ್ಚಿ ಒಗ್ಗರಣೆ ತಿಂದು, ಕೈ ತೊಳೆದು, "ಬರ್ತೀನ್ರಿ ಮೇಡಂ" ಎಂದು ಕ್ಲಾಸಿಗೆ ಹೋಗುತ್ತಾರೆ.